ಕಸ ಹಾಕೋದು ನಿಂತ್ರೂ ಕಪ್ಪು ನೀರು ಯಾಕೆ ನಿಲ್ತಿಲ್ಲ? ಕಸದ ಬೆಟ್ಟದಿಂದ ಇಳಿಯೋ ಲೀಚೆಟ್ ಬಗ್ಗೆ ಒಂದಿಷ್ಟು

2025ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಸದ ಲಾರಿಗಳು ಮಿಟ್ಟಗಾನಹಳ್ಳಿ, ಕಣ್ಣೂರು ಕಡೆ ಸಾಲಾಗಿ ನಿಂತುಬಿಟ್ಟಿದ್ದು, ಇತ್ತ ಸಿಟಿ ಒಳಗೆ ಎತ್ತೋರಿಲ್ಲದೆ ಕಸ ರಾಶಿ ಬಿದ್ದಿದ್ದು ಬಹಳ ಜನಕ್ಕೆ ನೆನಪಿರಬಹುದು. ಟೀವಿಯಲ್ಲಿ ಬಂದಿದ್ದೆಲ್ಲ ಹೆಚ್ಚಾಗಿ ರಾಜಕೀಯಾನೇ, ಕಸದ ಮಾಫಿಯಾ, ಶಾಸಕರು, ಟೆಂಡರು ಹೀಗೆ. ಲಾರಿ ತಡೆದ ಹಳ್ಳಿಯವರ ಮಾತು ಮಾತ್ರ ಬೇರೆ ಇತ್ತು, ಅದು ಹೊಸದೂ ಅಲ್ಲ: ನಮ್ಮ ನೀರು ಹಾಳಾಗ್ತಿದೆ ಅಂತ. ಹಿಂದೆ ಸಿಟಿ ಕಸ ಬೀಳ್ತಿದ್ದ ಮಾವಳ್ಳಿಪುರದವರು ಹೇಳಿದ್ದೂ ಇದನ್ನೇ, ಮಂಡೂರಿನವರು ಹೇಳಿದ್ದೂ ಇದನ್ನೇ, ದೊಡ್ಡಬಳ್ಳಾಪುರದ ಚಿಗರೇನಹಳ್ಳಿ ಕಡೆಯವರು ಹೇಳಿದ್ದೂ ಇದನ್ನೇ.

ಇಲ್ಲಿ ಓದೋರಿಗೆ ಗೊಂದಲ ಆಗೋದು ಸಹಜ. ಅಧಿಕಾರಿಗಳು ವೈಜ್ಞಾನಿಕ ಲ್ಯಾಂಡ್‌ಫಿಲ್ (ಕಸ ಹೂಳೋ ಜಾಗ), ಲೀಚೆಟ್ ಟ್ರೀಟ್‌ಮೆಂಟ್ ಪ್ಲಾಂಟ್ ಇದೆ ಅಂತಾರೆ, ಊರಿನವರು ಬೋರ್‌ವೆಲ್ ನೀರು ಬಾಯಿಗೆ ಇಡೋಕಾಗಲ್ಲ ಅಂತಾರೆ. ಇನ್ನೊಂದು ಕಡೆ ಮಾವಳ್ಳಿಪುರಕ್ಕೆ ಕಸ ಹೋಗೋದು 2012ರಲ್ಲೇ ನಿಂತಿದೆ, ಮಂಡೂರಿಗೆ 2014ರ ಡಿಸೆಂಬರ್ 1ರಿಂದ ನಿಂತಿದೆ, ಹಾಗಿದ್ದ ಮೇಲೆ ಅಲ್ಲಿ ಈಗಲೂ ಏನು ತೊಂದರೆ ಅಂತ ಕೇಳೋರಿದ್ದಾರೆ. ಕೇಳಬೇಕಾದ ಪ್ರಶ್ನೆನೇ ಅದು, ಯಾಕಂದ್ರೆ ಅದಕ್ಕೆ ಉತ್ತರ ಸಿಕ್ಕಿದ್ರೆ ಇಡೀ ಜಗಳದ ಅರ್ಧ ಭಾಗ ತಾನಾಗೇ ಅರ್ಥ ಆಗುತ್ತೆ.

ಡಿಕಾಕ್ಷನ್ ಲೆಕ್ಕ

ಲೀಚೆಟ್ ಅಂದ್ರೆ ಕಸದ ರಾಶಿಯಿಂದ ಬಸಿದು ಬರೋ ರಸ. ಉಳಿದ ಸಾರು, ಬಾಳೆಹಣ್ಣಿನ ಸಿಪ್ಪೆ, ಕಾಫಿ ಚರಟ ಎಲ್ಲ ಒಂದೇ ಪ್ಲಾಸ್ಟಿಕ್ ಕವರ್‌ಗೆ ತುಂಬಿ ಗಂಟು ಹಾಕಿ ಎರಡು ದಿನ ಬಿಟ್ಟರೆ ಕೆಳಗೆ ಮೂಲೆಯಲ್ಲಿ ಒಂದು ಕಂದು ನೀರು ಸೇರ್ಕೊಂಡಿರುತ್ತಲ್ಲ, ಅದೇ. ಅದನ್ನ ಲಕ್ಷಾಂತರ ಟನ್‌ಗೆ ಗುಣಿಸಿಕೊಳ್ಳಿ.

ಈ ನೀರು ಬರೋದು ಎರಡು ಕಡೆಯಿಂದ. ಒಂದು, ಕಸದ ಒಳಗೇ ಇರೋ ನೀರು. ನಮ್ಮ ಊರುಗಳ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಹಸಿ ಕಸ, ಆ ಹಸಿ ಕಸದ ತೂಕದಲ್ಲಿ ಮತ್ತೆ ಅರ್ಧಕ್ಕಿಂತ ಹೆಚ್ಚು ಬರೀ ನೀರು. ಎರಡನೇದು ಮಳೆ. ಇದನ್ನ ನಾವು ಕಮ್ಮಿ ಅಂದಾಜು ಮಾಡ್ತೀವಿ. 10 ಎಕರೆ ಕಸದ ರಾಶಿ ಅಂದ್ಕೊಳ್ಳಿ, ಒಂದು ಮಿಲಿಮೀಟರ್ ಮಳೆ ಬಿದ್ರೆ ಅದರ ಮೇಲೆ ಸುಮಾರು 40 ಸಾವಿರ ಲೀಟರ್ ಬಿದ್ದ ಹಾಗೆ. ಬೆಂಗಳೂರಲ್ಲಿ ವರ್ಷಕ್ಕೆ ಹೆಚ್ಚುಕಮ್ಮಿ 970 ಮಿ.ಮೀ ಮಳೆ, ಅಂದ್ರೆ ಸುಮಾರು 3.9 ಕೋಟಿ ಲೀಟರ್. ಇದರಲ್ಲಿ ಹೆಚ್ಚಿನದು ಹರಿದು ಹೋಗಿ, ಆವಿಯಾಗಿ, ಐದರಲ್ಲಿ ಒಂದು ಪಾಲು ಮಾತ್ರ ಒಳಗೆ ಇಳೀತು ಅಂತ ಇಟ್ಕೊಂಡ್ರೂ 12 ಸಾವಿರ ಲೀಟರಿನ ಟ್ಯಾಂಕರ್‌ಗಳು 650 ತುಂಬುತ್ತವೆ. ಇಷ್ಟು ನೀರು ಕಸದ ಮೂಲಕಾನೇ ಕೆಳಗೆ ಇಳೀಬೇಕು.

ಮನೆಯ ಕಾಫಿ ಫಿಲ್ಟರ್ ನೆನಪಿಸಿಕೊಂಡ್ರೆ ಮುಚ್ಚಿದ ಲ್ಯಾಂಡ್‌ಫಿಲ್ ವಿಷಯ ಸುಲಭ. ಮೇಲೆ ಪುಡಿ, ಕೆಳಗೆ ಡಿಕಾಕ್ಷನ್. ಹೊಸ ಪುಡಿ ಹಾಕದೆ ಮತ್ತೆ ಬಿಸಿನೀರು ಹುಯ್ದರೂ ಎರಡನೇ ಡಿಕಾಕ್ಷನ್ ಇಳಿಯುತ್ತೆ, ಮೂರನೇ ಸಲನೂ ಏನೋ ಒಂದು ಬಣ್ಣ ಬರುತ್ತೆ. ಮಂಡೂರಿನಲ್ಲಿ 2014ಕ್ಕೆ ಪುಡಿ ಹಾಕೋದು ನಿಂತಿದೆ ಅಷ್ಟೇ, ಮೇಲಿಂದ ನೀರು ಹುಯ್ಯೋದು ಪ್ರತಿ ಮಳೆಗಾಲನೂ ನಡೀತಾನೇ ಇದೆ. ರಾಶಿ ಮೇಲೆ ನೀರು ಇಳಿಯದ ಹಾಗೆ ಸರಿಯಾಗಿ ಮುಚ್ಚಿಗೆ ಹಾಕೋವರೆಗೆ, ಇಲ್ಲಾಂದ್ರೆ ರಾಶಿನೇ ಅಲ್ಲಿಂದ ತೆಗೆಯೋವರೆಗೆ ಇದು ನಿಲ್ಲೋ ಮಾತಿಲ್ಲ.

ಎಳೇ ಲೀಚೆಟ್, ಹಳೇ ಲೀಚೆಟ್

ಎರಡನೇ ಡಿಕಾಕ್ಷನ್ ತೆಳ್ಳಗಿರುತ್ತೆ, ಹಂಗಾದ್ರೆ ಹಳೇ ಲೀಚೆಟ್ಟೂ ಅಷ್ಟೇನು ಅಪಾಯ ಇರಲಿಕ್ಕಿಲ್ಲ ಅಂತ ಅನ್ನಿಸಬಹುದು. ಇಲ್ಲಿಗೆ ಕಾಫಿ ಹೋಲಿಕೆ ಮುಗೀತು, ಯಾಕಂದ್ರೆ ಕಸದ ರಾಶಿ ಒಳಗೆ ಕೊಳೆಯೋ ಕೆಲಸನೂ ನಡೀತಿರುತ್ತೆ.

ಕಸ ಬಿದ್ದ ಸ್ವಲ್ಪ ದಿನಕ್ಕೇ ಒಳಗಿನ ಗಾಳಿ ಖಾಲಿ ಆಗುತ್ತೆ. ಆಮೇಲೆ ಗಾಳಿ ಇಲ್ಲದೆ ಬದುಕೋ ಬ್ಯಾಕ್ಟೀರಿಯಾಗಳ ಸರದಿ. ಮೊದಲ ಹಂತದಲ್ಲಿ ಅವು ಹಸಿ ಕಸವನ್ನ ಆಮ್ಲಗಳಾಗಿ ಒಡೀತವೆ, ರಸ ಹುಳಿಯಾಗುತ್ತೆ, ಹುಳಿ ನೀರಿಗೆ ಲೋಹ ಕರಗಿಸೋ ಗುಣ ಇರೋದ್ರಿಂದ ಕಸದಲ್ಲಿ ಬೆರೆತ ಬ್ಯಾಟರಿ, ಪೇಂಟ್ ಡಬ್ಬ, ಟ್ಯೂಬ್‌ಲೈಟ್ ಚೂರುಗಳಿಂದ ಸೀಸ, ಕ್ಯಾಡ್ಮಿಯಂ ಥರದ್ದೆಲ್ಲ ನೀರಿಗೆ ಬರುತ್ತೆ. ವರ್ಷಗಳು ಕಳೆದ ಮೇಲೆ ಮೀಥೇನ್ ಮಾಡೋ ಬ್ಯಾಕ್ಟೀರಿಯಾ ಮೇಲುಗೈ ಆಗಿ ಹುಳಿ ಕಮ್ಮಿ ಆಗುತ್ತೆ, ಲೋಹ ಕರಗೋದೂ ಕಮ್ಮಿ ಆಗುತ್ತೆ. ಅಮೋನಿಯಾ ಮಾತ್ರ ಗಾಳಿ ಇಲ್ಲದ ಆ ಜಾಗದಲ್ಲಿ ಬೇರೆ ಏನೂ ಆಗೋಕೆ ದಾರಿ ಇಲ್ಲದೆ ಹಂಗೇ ಉಳ್ಕೊಂಡು ದಶಕಗಟ್ಟಲೆ ಇಳೀತಾ ಇರುತ್ತೆ. ಜೊತೆಗೆ ಬ್ಯಾಕ್ಟೀರಿಯಾ ಕೂಡ ತಿನ್ನಲಾಗದ ಕಪ್ಪು ಬಣ್ಣದ ರಾಸಾಯನಿಕಗಳು.

ಇದನ್ನ ಅಳೆಯೋಕೆ ಎರಡು ಅಂಕಿ ಬಳಸ್ತಾರೆ, ಬಿಒಡಿ ಮತ್ತೆ ಸಿಒಡಿ. ಬಿಒಡಿ ಅಂದ್ರೆ ನೀರಲ್ಲಿರೋ ಕೊಳೆಯನ್ನ ಬ್ಯಾಕ್ಟೀರಿಯಾ ತಿನ್ನೋಕೆ ಎಷ್ಟು ಆಮ್ಲಜನಕ ಬೇಕು ಅನ್ನೋದು. ಸಿಒಡಿ ಅಂದ್ರೆ ತಿನ್ನೋಕಾಗದ್ದನ್ನೂ ಸೇರಿಸಿ ಎಲ್ಲವನ್ನ ರಾಸಾಯನಿಕವಾಗಿ ಸುಡೋಕೆ ಎಷ್ಟು ಬೇಕು ಅನ್ನೋದು. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಾವಳ್ಳಿಪುರದ ಲೀಚೆಟ್ ಪರೀಕ್ಷೆ ಮಾಡಿದಾಗ ಸಿಒಡಿ ಲೀಟರಿಗೆ 10,400 ಮಿ.ಗ್ರಾಂ, ಬಿಒಡಿ 1,500 ಮಿ.ಗ್ರಾಂ ಸಿಕ್ಕಿತ್ತು. 2016ರ ಘನತ್ಯಾಜ್ಯ ನಿಯಮಗಳ ಪ್ರಕಾರ ಹಳ್ಳ ಕೆರೆಗೆ ಬಿಡೋ ನೀರಲ್ಲಿ ಸಿಒಡಿ 250, ಬಿಒಡಿ 30 ದಾಟಬಾರದಿತ್ತು. ಅಂದ್ರೆ ಸಿಒಡಿ 40 ಪಟ್ಟು, ಬಿಒಡಿ 50 ಪಟ್ಟು.

ಕ್ವಾರಿ ಗಟ್ಟಿ ಬಂಡೆ, ಸೋರಲ್ಲ ಅನ್ನೋ ವಾದ

ಬೆಂಗಳೂರಿನ ಕಸ ಬಿದ್ದ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿ ಎರಡೂ ಹಳೇ ಕಲ್ಲು ಕ್ವಾರಿಗಳು. ದೊಡ್ಡ ಗುಂಡಿ ಹೇಗೂ ಇದೆ, ಸುತ್ತ ಬಂಡೆ ಇದೆ, ಕಸ ತುಂಬಿದ್ರೆ ಏನು ನಷ್ಟ ಅನ್ನೋ ಯೋಚನೆ ಆಡಳಿತಕ್ಕೆ ಬರೋದು ಸುಲಭ. ಆದ್ರೆ ಬೆಂಗಳೂರು ಸುತ್ತಮುತ್ತ ಅಂತರ್ಜಲ ಎಲ್ಲಿರುತ್ತೆ ಅನ್ನೋದನ್ನ ಬೋರ್ ಕೊರೆಸಿದ ಯಾವ ರೈತನನ್ನ ಕೇಳಿದ್ರೂ ಹೇಳ್ತಾನೆ: ಬಂಡೆ ಬಿರುಕಲ್ಲಿ. ಸೆಲೆ ಸಿಕ್ತು ಅಂದ್ರೆ ಬಿರುಕು ಸಿಕ್ತು ಅಂತಾನೇ ಅರ್ಥ. ಕ್ವಾರಿಯಲ್ಲಿ ಸಿಡಿಮದ್ದು ಇಟ್ಟು ಕಲ್ಲು ಒಡೆದಿರೋದ್ರಿಂದ ಆ ಬಿರುಕುಗಳು ಇನ್ನೂ ಅಗಲ ಆಗಿರೋ ಸಾಧ್ಯತೆನೇ ಹೆಚ್ಚು, ಮೇಲಿನ ಮಣ್ಣಿನ ಪದರ ಬೇರೆ ಮೊದಲೇ ಕಿತ್ತು ಹಾಕಿರ್ತಾರೆ, ಹಂಗಾಗಿ ಸೋಸೋಕೆ ಅಂತ ಇದ್ದ ಮಣ್ಣೂ ಇಲ್ಲ. ಬಿರುಕಿಗೆ ಇಳಿದ ಲೀಚೆಟ್ ಯಾವ ದಿಕ್ಕಿಗೆ ಹೋಗುತ್ತೆ ಅಂತ ಮೇಲೆ ನಿಂತು ಹೇಳೋಕಾಗಲ್ಲ, ಪಕ್ಕದ ತೋಟದ ಬೋರ್ ಚೆನ್ನಾಗಿದ್ದು ಅದರಾಚೆ ತೋಟದ್ದು ಕೆಟ್ಟಿರಬಹುದು. ಊರಿನವರ ದೂರನ್ನ ಅನುಮಾನದಿಂದ ನೋಡೋಕೆ ಈ ಒಂದು ವಿಚಿತ್ರನೇ ಕಾರಣ ಆಗುತ್ತೆ, ಅವನ ಬೋರ್ ಸರಿ ಇದೆಯಲ್ಲ ನಿಂದು ಮಾತ್ರ ಯಾಕೆ ಕೆಟ್ಟಿದೆ ಅಂತ.

2016ರ ನಿಯಮದಲ್ಲಿ ಇದಕ್ಕೆ ಪರಿಹಾರ ಬರೆದೇ ಇತ್ತು. ಲ್ಯಾಂಡ್‌ಫಿಲ್ ತಳದಲ್ಲಿ 90 ಸೆಂ.ಮೀ ಜೇಡಿಮಣ್ಣಿನಂಥ ನೀರು ಬಿಡದ ಪದರ, ಅದರ ಮೇಲೆ 1.5 ಮಿ.ಮೀ ದಪ್ಪದ ಎಚ್‌ಡಿಪಿಇ ಅನ್ನೋ ಗಟ್ಟಿ ಪ್ಲಾಸ್ಟಿಕ್ ಶೀಟು, ಲೀಚೆಟ್ ಹಿಡಿದು ಹೊರಗೆ ತರೋ ವ್ಯವಸ್ಥೆ, ಅಂತರ್ಜಲ ಏರಿದಾಗಲೂ ಜೇಡಿಪದರದಿಂದ ಕನಿಷ್ಠ 2 ಮೀಟರ್ ಕೆಳಗಿರಬೇಕು. ನದಿಯಿಂದ 100 ಮೀಟರ್, ಕೆರೆಕುಂಟೆಯಿಂದ 200 ಮೀಟರ್, ಮನೆಗಳಿಂದ 200 ಮೀಟರ್ ದೂರ. ಕಾಗದದ ಮೇಲೆ ಚೆನ್ನಾಗೇ ಇತ್ತು. ತಕರಾರು ಏನಂದ್ರೆ ರಾಜ್ಯದ ಹಳೇ ಡಂಪಿಂಗ್ ಯಾರ್ಡ್‌ಗಳಲ್ಲಿ ಹೆಚ್ಚಿನವು ಶುರುವಾಗಿದ್ದು ಲ್ಯಾಂಡ್‌ಫಿಲ್ ಅಂತ ಅಲ್ಲ, ಸುಮ್ನೆ ಕಸ ಸುರಿಯೋ ಜಾಗ ಅಂತ, ಮೇಲೆ ಬೆಟ್ಟ ಬೆಳೆದ ಮೇಲೆ ಕೆಳಗೆ ಶೀಟು ಹಾಸೋಕೆ ಬರಲ್ಲ.

ಪಚ್ಚನಾಡಿ: ನೀರು ತುಂಬಿದ ಬೆಟ್ಟ ಜಾರಿದ್ದು

ಲೀಚೆಟ್ ಬರೀ ನೀರು ಕೆಡಿಸುತ್ತೆ ಅಂತ ಅಂದ್ಕೊಂಡ್ರೆ ಮಂಗಳೂರಿನ ಪಚ್ಚನಾಡಿ ನೋಡಬೇಕು. 2019ರ ಆಗಸ್ಟ್‌ನಲ್ಲಿ ಜೋರು ಮಳೆ ಹೊಡೆದಾಗ ಅಲ್ಲಿನ ಕಸದ ಗುಡ್ಡ ಕುಸಿದು, ಒಂದೇ ಸಲ ಅಲ್ಲ, ದಿನಗಟ್ಟಲೆ ನಿಧಾನಕ್ಕೆ ಜಾರ್ತಾ ಕೆಳಗಿನ ಮಂದಾರ ಪ್ರದೇಶದ ಮೇಲೆ ಹೋಗಿ ಕೂತಿತು. ಅಡಿಕೆ ತೋಟ, ತೆಂಗಿನ ತೋಟ, ಮನೆಗಳು ಕಸದಡಿ ಹೋದವು, 27 ಕುಟುಂಬಗಳನ್ನ ಬೇರೆ ಕಡೆ ಕಳಿಸಬೇಕಾಯ್ತು. ಅಡಿಕೆ ಮರದ ತುದಿಗಳು ಮಾತ್ರ ಪ್ಲಾಸ್ಟಿಕ್ ರಾಶಿ ಮೇಲೆ ಕಾಣ್ತಿದ್ದ ಫೋಟೋಗಳು ಆಗ ವಾಟ್ಸಾಪ್‌ನಲ್ಲಿ ಓಡಾಡಿದ್ವು.

ಆಗಿದ್ದು ಏನು ಅಂದ್ರೆ, ರಾಶಿ ಒಳಗೆ ನೀರು ತುಂಬಿದಷ್ಟೂ ತೂಕ ಏರುತ್ತೆ, ಜೊತೆಗೆ ಕಸಕಸದ ನಡುವೆ ಹಿಡಿತ ಸಡಿಲ ಆಗುತ್ತೆ, ಪ್ಲಾಸ್ಟಿಕ್ ಕವರ್‌ಗಳು ಜಾರುಬಂಡೆ ಥರ ಕೆಲಸ ಮಾಡ್ತವೆ. ವರ್ಷಕ್ಕೆ 3,500 ಮಿ.ಮೀ ಮೀರಿ ಮಳೆ ಬೀಳೋ ಊರಲ್ಲಿ, ಇಳಿಜಾರಿನ ತಲೆಯಲ್ಲಿ, ಮುಚ್ಚಿಗೆ ಇಲ್ಲದ ರಾಶಿ ನಿಲ್ಲಿಸಿದ್ದೇ ಮೂಲ ತಪ್ಪು. ಜಾರಿದ್ದು ನಿಂತ ಮೇಲೂ ಕಪ್ಪು ನೀರು ಹಳ್ಳ ಹಿಡಿದು ಫಲ್ಗುಣಿ ನದಿ ಕಡೆ ಇಳೀತು, ಅದೇ ನದಿಗೆ ಮರವೂರಿನಲ್ಲಿ ಕಿಂಡಿ ಅಣೆಕಟ್ಟು ಇದೆ, ಅಲ್ಲಿಂದ ಸುತ್ತಲಿನ ಊರುಗಳಿಗೆ ಕುಡಿಯೋ ನೀರು ಹೋಗುತ್ತೆ. ವಿಷಯ ಹೈಕೋರ್ಟಿಗೂ ಹೋಯ್ತು. ಒಂದು ಕಡೆ ಕುಡಿಯೋ ನೀರಿನ ಯೋಜನೆಗೆ ಕೋಟಿಗಟ್ಟಲೆ ಸುರಿದು, ಮೇಲ್ಗಡೆಯಿಂದ ಅದೇ ನೀರಿಗೆ ಕಸದ ರಸ ಸೇರೋಕೆ ಬಿಡೋದು, ಎರಡೂ ನಮ್ಮದೇ ತೆರಿಗೆ ದುಡ್ಡು!

ಕೆರೆ ಕೆಡಿಸಿದ್ದು ಯಾರು

ಪ್ರತಿ ಸಲ ಕೆರೆ ಕೆಟ್ಟಾಗ ಬರೋ ಒಂದು ಜಗಳ ಇದೆ. ಊರಿನವರು ಲೀಚೆಟ್ ಅಂತಾರೆ, ಕಾರ್ಪೊರೇಷನ್ ಕಡೆಯವರು ಅಲ್ಲ ಅದು ಚರಂಡಿ ನೀರು, ಬಡಾವಣೆಗಳ ಒಳಚರಂಡಿ (ಯುಜಿಡಿ) ಬಂದು ಸೇರ್ತಿದೆ ಅಂತಾರೆ. ಎರಡೂ ಇರಬಹುದು, ಬೆಂಗಳೂರಿನ ಸುತ್ತ ಹೆಚ್ಚಿನ ಕಡೆ ಎರಡೂ ಇರುತ್ತೆ ಕೂಡ. ಆದ್ರೆ ಇದು ಬರೀ ಬಾಯಿಮಾತಿನ ಜಗಳ ಆಗಿ ಉಳೀಬೇಕಿಲ್ಲ. ಮನೆ ಚರಂಡಿ ನೀರಲ್ಲಿ ಬಿಒಡಿ ಸಾಮಾನ್ಯವಾಗಿ ಸಿಒಡಿಯ ಅರ್ಧದ ಆಸುಪಾಸು ಇರುತ್ತೆ, ಅಂದ್ರೆ ಬ್ಯಾಕ್ಟೀರಿಯಾ ತಿನ್ನೋ ಮಾಲು ಜಾಸ್ತಿ. ಹಳೇ ಲೀಚೆಟ್‌ನಲ್ಲಿ ಈ ಪಾಲು ಬಹಳ ಕಮ್ಮಿ, ಮಾವಳ್ಳಿಪುರದ ಅಂಕಿ ಭಾಗಿಸಿ ನೋಡಿ, 0.14 ಬರುತ್ತೆ. ಜೊತೆಗೆ ಕ್ಲೋರೈಡ್, ಅಮೋನಿಯಾ, ಕರಗಿದ ಲವಣ ಎಲ್ಲ ಒಟ್ಟಿಗೆ ಏರಿದ್ರೆ ಅನುಮಾನ ಕಸದ ರಾಶಿ ಕಡೆ ತಿರುಗುತ್ತೆ. ರಾಶಿಗಿಂತ ಮೇಲ್ಗಡೆ ಒಂದು ಬೋರ್, ಕೆಳಗಡೆ ಎರಡು ಮೂರು ಬೋರ್ ಇಟ್ಟು ಮಳೆಗೆ ಮುಂಚೆ ಒಂದ್ಸಲ, ಮಳೆ ಆದ ಮೇಲೆ ಒಂದ್ಸಲ ಸ್ಯಾಂಪಲ್ ತೆಗೆದ್ರೆ ಚಿತ್ರ ಸಾಕಷ್ಟು ಸ್ಪಷ್ಟ ಆಗುತ್ತೆ.

"ಮಿತಿ ಒಳಗೇ ಇದೆ" ಅಂತ ಬರೋ ರಿಪೋರ್ಟ್ ಓದುವಾಗಲೂ ಇದೇ ತಲೇಲಿ ಇರಬೇಕು. ಸ್ಯಾಂಪಲ್ ಯಾವ ತಿಂಗಳು, ಯಾವ ಬೋರ್, ಎಷ್ಟು ಆಳ, ಪ್ಲಾಂಟಿಂದ ಹೊರಗೆ ಬರೋ ನೀರಾ ಅಥವಾ ಬದಿಯಲ್ಲಿ ತಪ್ಪಿಸಿಕೊಂಡು ಹರಿಯೋ ನೀರಾ ಅನ್ನೋದರ ಮೇಲೆ ಉತ್ತರನೇ ಬದಲಾಗುತ್ತೆ. ಹಂಗಾಗಿ ಮಾಲಿನ್ಯ ನಿಯಂತ್ರಣ ಮಂಡಳಿಯ ರಿಪೋರ್ಟೂ ನಿಜ, ಊರಿನವರ ಮೂಗೂ ನಿಜ, ಎರಡೂ ಆಗೋಕೆ ಸಾಧ್ಯ.

ಮೀನು ಮೊದಲು, ಬಾವಿ ಆಮೇಲೆ

ಪರಿಣಾಮ ಒಂದೇ ದಿನ ಕಾಣೋದು ಕೆರೆಯಲ್ಲಿ. ಲೀಚೆಟ್‌ನಲ್ಲಿ ಅಮೋನಿಯಾ ಲೀಟರಿಗೆ ನೂರಾರು ಮಿ.ಗ್ರಾಂನಿಂದ ಸಾವಿರ ದಾಟೋದೂ ಇದೆ. ಮೀನಿಗೆ ಕುತ್ತು ಬರೋಕೆ ಅಮೋನಿಯಾ ಅನಿಲ ರೂಪದಲ್ಲಿ ಲೀಟರಿಗೆ ಒಂದು ಮಿ.ಗ್ರಾಂ ಕೂಡ ಬೇಕಾಗಿಲ್ಲ. ಕೊಳೆ ತಿನ್ನೋ ಬ್ಯಾಕ್ಟೀರಿಯಾ ನೀರಲ್ಲಿದ್ದ ಆಮ್ಲಜನಕನೂ ಖಾಲಿ ಮಾಡುತ್ತೆ, ರಾತ್ರಿ ಕಳೆದು ಬೆಳಗ್ಗೆ ಆಗೋಷ್ಟರಲ್ಲಿ ಮೀನು ಹೊಟ್ಟೆ ಮೇಲೆ ಮಾಡಿ ತೇಲ್ತಿರ್ತವೆ. ಸಾಯದೆ ಉಳಿದ ಕೆರೆಗೆ ಗೊಬ್ಬರ ಜಾಸ್ತಿ ಆಗಿ ಅಂತರಗಂಗೆ ಹಬ್ಬುತ್ತೆ.

ಬಾವಿ, ಬೋರ್ ನಿಧಾನ. ಅಮೋನಿಯಾ ಮಣ್ಣಲ್ಲಿ ಗಾಳಿ ಸಿಕ್ಕ ಕಡೆ ನೈಟ್ರೇಟ್ ಆಗಿ ಬದಲಾಗುತ್ತೆ, ನೈಟ್ರೇಟ್ ನೀರಿನ ಜೊತೆ ಸಲೀಸಾಗಿ ಓಡಾಡುತ್ತೆ. ಕುಡಿಯೋ ನೀರಲ್ಲಿ ಅದರ ಮಿತಿ ಲೀಟರಿಗೆ 45 ಮಿ.ಗ್ರಾಂ, ಮೀರಿದ್ರೆ ಅಪಾಯ ಮೊದಲು ಬಾಟಲಿ ಹಾಲು ಕುಡಿಯೋ ಎಳೇ ಕೂಸುಗಳಿಗೆ, ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಂಡು ಮೈ ನೀಲಿಯಾಗುತ್ತೆ. ನೈಟ್ರೇಟ್‌ಗೆ ಬಣ್ಣನೂ ಇಲ್ಲ ವಾಸನೆನೂ ಇಲ್ಲ, ಕುದಿಸಿದ್ರೂ ಹೋಗಲ್ಲ, ಕುದಿಸಿ ನೀರು ಆವಿಯಾದಷ್ಟೂ ಇನ್ನೂ ದಟ್ಟ ಆಗುತ್ತೆ. ಹೊಲಗದ್ದೆ ನಿತ್ಯ ಇದೇ ನೀರು ಕುಡಿದ್ರೆ ಮಣ್ಣಲ್ಲಿ ಉಪ್ಪು ಕೂತ್ಕೊಂಡು ಇಳುವರಿ ಇಳಿಯುತ್ತೆ, ಹಸು ಎಮ್ಮೆ ಕುಡಿಯೋದೂ ಅದನ್ನೇ.

ಪ್ಲಾಂಟ್ ಹಾಕಿದ್ರೆ ಮುಗೀತಾ

ಸರ್ಕಾರದ ಕಡೆಯಿಂದ ಬರೋ ಉತ್ತರ ಸಾಮಾನ್ಯವಾಗಿ ಲೀಚೆಟ್ ಟ್ರೀಟ್‌ಮೆಂಟ್ ಪ್ಲಾಂಟ್. ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎಳೇ ಲೀಚೆಟ್ ಬ್ಯಾಕ್ಟೀರಿಯಾಗೆ ಬಿಟ್ಟು ಶುದ್ಧ ಮಾಡಬಹುದು, ಹಳೇದಕ್ಕೆ ಅದು ನಡೆಯಲ್ಲ, ಆರ್‌ಒ ಥರದ ಮೆಂಬ್ರೇನ್ ಬೇಕು. ಮನೆಯ ಆರ್‌ಒ ಫಿಲ್ಟರಿನ ಪಕ್ಕದ ಸಣ್ಣ ಪೈಪಿಂದ ವೇಸ್ಟ್ ನೀರು ಸಿಂಕಿಗೆ ಹೋಗುತ್ತಲ್ಲ, ಇಲ್ಲೂ ಹಂಗೇ, ಒಂದು ಪಾಲು ಶುದ್ಧ ನೀರು ಬಂದ್ರೆ ಇನ್ನೊಂದು ಪಾಲು ಮೊದಲಿಗಿಂತ ದಟ್ಟ ಆದ ಕೊಳೆ. ಅದನ್ನ ಎಲ್ಲಿ ಬಿಡ್ತಾರೆ? ಎಷ್ಟೋ ಕಡೆ ವಾಪಸ್ ಅದೇ ರಾಶಿ ಮೇಲೆ. ವರ್ಷದಿಂದ ವರ್ಷಕ್ಕೆ ಉಪ್ಪು, ಅಮೋನಿಯಾ ಸುತ್ತಿ ಸುತ್ತಿ ಅಲ್ಲೇ ಏರ್ತಾ ಹೋಗುತ್ತೆ.

ಅಳತೆಯದ್ದೂ ಒಂದು ಸಮಸ್ಯೆ. ಪ್ಲಾಂಟ್ ಕಟ್ಟೋದು ಸರಾಸರಿ ದಿನದ ಲೆಕ್ಕಕ್ಕೆ, ಮಳೆ ಬರೋದು ಸರಾಸರಿಯಲ್ಲಿ ಅಲ್ಲ. ಒಂದೇ ರಾತ್ರಿ 100 ಮಿ.ಮೀ ಬಿದ್ದ ದಿನ ಹೊಂಡ ತುಂಬಿ ಉಕ್ಕಿ ಹಳ್ಳಕ್ಕೆ ಹೋಗುತ್ತೆ, ಊರಿನವರು ಮೊಬೈಲ್‌ನಲ್ಲಿ ವಿಡಿಯೋ ಮಾಡೋದು ಆ ದಿನವೇ, ಅಧಿಕಾರಿಗಳು ಪ್ಲಾಂಟ್ ತೋರಿಸೋದು ಉಳಿದ ದಿನ.

ರಸ್ತೆ ಮೇಲಿನ ಒದ್ದೆ ಗೆರೆ

ಸಿಟಿಯವರಿಗೆ ಲೀಚೆಟ್ ಕಾಣಿಸೋ ಜಾಗ ಒಂದೇ, ಕಾಂಪ್ಯಾಕ್ಟರ್ ಲಾರಿ ಹಿಂದೆ. ಆಟೋ ಟಿಪ್ಪರ್‌ಗಳು ತಂದ ಕಸವನ್ನ ಈ ಲಾರಿ ಒಳಗೆ ಹಿಂಡುತ್ತೆ, ಹಿಂಡಿದ ರಸಕ್ಕೆ ಕೆಳಗೆ ಒಂದು ಟ್ಯಾಂಕ್ ಇರುತ್ತೆ, ಅದು ತುಂಬಿದ್ರೆ, ವಾಲ್ವ್ ಸಡಿಲ ಇದ್ರೆ, ಇಲ್ಲಾ ಯಾರೋ ಬೇಕಂತಲೇ ತೆರೆದಿದ್ರೆ ರಸ್ತೆ ಉದ್ದಕ್ಕೂ ಒಂದು ಒದ್ದೆ ಗೆರೆ. ಸಿಗ್ನಲ್‌ನಲ್ಲಿ ನಿಂತ ಜಾಗದಲ್ಲಿ ಗೆರೆ ಹೋಗಿ ಮಡುವಾಗಿರುತ್ತೆ, ಎಣ್ಣೆ ಜಿಡ್ಡು ಬೇರೆ ಇರೋದ್ರಿಂದ ತಿರುವಿನಲ್ಲಿ ಬೈಕಿನವರು ಜಾರಿ ಬೀಳ್ತಾರೆ.

ಆ ಗೆರೆಯನ್ನ ಹಿಂದಕ್ಕೆ ಹಿಡ್ಕೊಂಡು ಹೋದ್ರೆ ಅಡುಗೆಮನೆಗೆ ಬರುತ್ತೆ. ಹಸಿ ಕಸ ಬೇರೆ ಆಗಿ ಕಾಂಪೋಸ್ಟ್‌ಗೋ ಬಯೋಗ್ಯಾಸ್‌ಗೋ ಹೋದ್ರೆ ಲ್ಯಾಂಡ್‌ಫಿಲ್‌ಗೆ ಹೋಗೋದು ಒಣಗಿದ್ದು, ಕೊಳೆಯದ್ದು, ಕಮ್ಮಿ ತೂಕದ್ದು. ರಸದ ಮೂಲನೇ ಅರ್ಧಕ್ಕರ್ಧ ಹೋಯ್ತು. ಮನೆಯಲ್ಲೇ ಕಸ ಬೇರೆ ಮಾಡೋದು ಕಡ್ಡಾಯ ಅಂತ ಹೈಕೋರ್ಟ್ 2012ರಲ್ಲೇ ಹೇಳಿದೆ, 2016ರ ನಿಯಮನೂ ಅದನ್ನೇ ಹೇಳಿತ್ತು. ಹಾಗಿದ್ರೂ ಬೆರಕೆ ಕಸ ಹೋಗ್ತಾನೇ ಇರೋದಕ್ಕೆ ಜನರ ಸೋಮಾರಿತನ ಒಂದೇ ಕಾರಣ ಅಲ್ಲ. ಕಸಕ್ಕೆ ಟನ್ ಲೆಕ್ಕದಲ್ಲಿ ದುಡ್ಡು ಕೊಡೋ ಒಪ್ಪಂದ ಇದ್ದ ಕಡೆ ನೀರೂ ತೂಕನೇ, ಒದ್ದೆ ಕಸಕ್ಕೆ ಬಿಲ್ಲು ಹೆಚ್ಚು. ಬೇರೆ ಮಾಡಿ ಕೊಟ್ಟ ಕಸ ಟಿಪ್ಪರ್‌ನಲ್ಲಿ ಮತ್ತೆ ಒಂದಾಗೋದನ್ನ ಕಣ್ಣಾರೆ ನೋಡಿದ ಮೇಲೆ ಜನನೂ ಕೈಬಿಡ್ತಾರೆ.

ಕಾಂಪೋಸ್ಟ್ ಘಟಕಗಳ ವಿಷಯದಲ್ಲೂ ಪ್ರಾಮಾಣಿಕವಾಗಿ ಹೇಳಬೇಕಾದ್ದಿದೆ, ಅಲ್ಲೂ ರಸ ಬರುತ್ತೆ, ವಾಸನೆನೂ ಬರುತ್ತೆ. ಎಚ್‌ಎಸ್‌ಆರ್ ಲೇಔಟ್ ಹತ್ರದ ಕೆಸಿಡಿಸಿ (ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ) ಘಟಕದ ವಿರುದ್ಧ ಅಲ್ಲಿನ ನಿವಾಸಿಗಳು ವರ್ಷಗಟ್ಟಲೆ ಹೋರಾಡಿದ್ದು, ಸೋಮಸುಂದರಪಾಳ್ಯ ಕೆರೆಗೆ ರಸ ಸೇರ್ತಿದೆ ಅಂತ ದೂರಿದ್ದು ಇದಕ್ಕೇ. ವ್ಯತ್ಯಾಸ ಇಷ್ಟು: ಬರೀ ಹಸಿ ಕಸದ ರಸದಲ್ಲಿ ಬ್ಯಾಟರಿ, ಪೇಂಟಿನ ಲೋಹ ಇರಲ್ಲ, ಪ್ರಮಾಣ ಸಣ್ಣದು, ಛಾವಣಿ ಹಾಕಿದ್ರೆ ಮಳೆ ತಡೀಬಹುದು, ರಸವನ್ನ ಮತ್ತೆ ಕಾಂಪೋಸ್ಟ್‌ಗೇ ಚಿಮುಕಿಸಬಹುದು. ಆದ್ರೆ ಅಪಾರ್ಟ್‌ಮೆಂಟಿನವರು ತಮ್ಮ ಪಕ್ಕ ಘಟಕ ಬೇಡ ಅಂದ್ರೆ ಅದು ನಾಗರಿಕ ಹೋರಾಟ, ಹಳ್ಳಿಯವರು ಲಾರಿ ತಡೆದ್ರೆ ಅದು ಅಡ್ಡಿ ಅಂತ ಸುದ್ದಿ ಆಗೋದು ಯಾವ ನ್ಯಾಯ ಅನ್ನೋದು ಬೇರೆ ಚರ್ಚೆ.

ಬಯೋಮೈನಿಂಗ್ ಮತ್ತೆ 15 ವರ್ಷದ ಲೆಕ್ಕ

ಈಗ ಎಲ್ಲ ಕಡೆ ಕೇಳೋ ಹೊಸ ಪದ ಬಯೋಮೈನಿಂಗ್. ಹಳೇ ರಾಶಿ ಅಗೆದು, ಒಣಗಿಸಿ, ದೊಡ್ಡ ಜರಡಿಯಲ್ಲಿ ಹಾಕಿ ಪ್ಲಾಸ್ಟಿಕ್ಕು ಬಟ್ಟೆ ಸಿಮೆಂಟ್ ಫ್ಯಾಕ್ಟರಿಗೆ, ಕಲ್ಲುಮಣ್ಣು ಗುಂಡಿ ತುಂಬೋಕೆ ಅಂತ ಬೇರೆ ಮಾಡೋದು. ಲೀಚೆಟ್‌ನ ಮೂಲನೇ ತೆಗೆಯೋದ್ರಿಂದ ದಾರಿ ಸರಿಯಾಗೇ ಇದೆ. ಎರಡು ಕಡೆ ಎಡವಬಹುದು. ಮಳೆಗಾಲದಲ್ಲಿ ರಾಶಿ ಅಗೆದು ತೆರೆದಿಟ್ರೆ ಮೊದಲಿಗಿಂತ ಹೆಚ್ಚು ನೀರು ಒಳಗಿಳಿಯುತ್ತೆ, ಕೆಲಸ ಬೇಸಿಗೆಗೆ ಸೀಮಿತ ಆಗ್ಬೇಕು, ಟೆಂಡರ್ ಗಡುವಿಗೆ ಅದು ಹೊಂದಲ್ಲ. ಇನ್ನೊಂದು, ಜರಡಿಯಿಂದ ಬಿದ್ದ ಮಣ್ಣು ನೋಡೋಕೆ ಗೋಡುಮಣ್ಣಿನ ಥರ ಇದ್ರೂ ಅದರಲ್ಲಿ ಲವಣ, ಲೋಹ ಉಳಿದಿರುತ್ತೆ, ಪರೀಕ್ಷೆ ಮಾಡದೆ ಯಾವುದೋ ಕೆರೆ ಅಂಗಳಕ್ಕೋ ಸೈಟಿಗೋ ಸುರಿದ್ರೆ ಲೀಚೆಟ್ ವಿಳಾಸ ಬದಲಾಗುತ್ತೆ ಅಷ್ಟೇ.

ಹಣದ ಕಡೆಯಿಂದ ಒತ್ತಡ ಇದ್ದೇ ಇದೆ. ಘನ ಮತ್ತು ದ್ರವತ್ಯಾಜ್ಯ ಸರಿಯಾಗಿ ನಿರ್ವಹಿಸಿಲ್ಲ ಅಂತ ಹಸಿರು ನ್ಯಾಯಮಂಡಳಿ 2022ರ ಅಕ್ಟೋಬರ್‌ನಲ್ಲಿ ಕರ್ನಾಟಕಕ್ಕೆ 2,900 ಕೋಟಿ ರೂಪಾಯಿ ಪರಿಹಾರ ಹೇರಿತ್ತು. 2025ರ ಏಪ್ರಿಲ್‌ನಿಂದ ಬೆಂಗಳೂರಿನವರ ಆಸ್ತಿ ತೆರಿಗೆ ಜೊತೆಗೇ ಕಸದ ಶುಲ್ಕನೂ ಬರ್ತಿದೆ. ಆ ದುಡ್ಡಲ್ಲಿ ಎಷ್ಟು ಲಾರಿಗೆ, ಎಷ್ಟು ಹಳೇ ರಾಶಿಗಳ ಕಡೆಗೆ ಅನ್ನೋದನ್ನ ಕೇಳೋ ಹಕ್ಕು ಕಟ್ಟೋರಿಗೆ ಇದೆ.

ಯಾಕಂದ್ರೆ 2016ರ ನಿಯಮದಲ್ಲಿ ಇನ್ನೊಂದು ಸಾಲಿತ್ತು, ಲ್ಯಾಂಡ್‌ಫಿಲ್ ಮುಚ್ಚಿದ ಮೇಲೂ ಕನಿಷ್ಠ 15 ವರ್ಷ ಅದನ್ನ ನೋಡ್ಕೋಬೇಕು: ಮುಚ್ಚಿಗೆ ಬಿರುಕು ಬಿಟ್ಟಿದೆಯಾ, ಲೀಚೆಟ್ ಎಷ್ಟು ಬರ್ತಿದೆ, ಸುತ್ತಲಿನ ಅಂತರ್ಜಲ ಹೇಗಿದೆ ಅಂತ. ಕಸ ನಿಂತ ದಿನದಿಂದ ಎಣಿಸಿದ್ರೆ ಮಾವಳ್ಳಿಪುರಕ್ಕೆ 2027ಕ್ಕೆ 15 ತುಂಬುತ್ತೆ, ಮಂಡೂರಿಗೆ 2029ಕ್ಕೆ. ಸರಿಯಾಗಿ ಮುಚ್ಚಿದ ದಿನದಿಂದ ಎಣಿಸಬೇಕು ಅಂದ್ರೆ ಎಣಿಕೆ ಯಾವತ್ತು ಶುರು ಆಯ್ತು ಅಂತ ಮೊದಲು ಯಾರಾದ್ರೂ ತಾರೀಕು ಹೇಳ್ಬೇಕು.